ಅಪಾಚೆ ಪ್ರಾಜೆಕ್ಟಿನಲ್ಲಿ ಕಮಿಟರ್ ಆಗುವ ದಾರಿ

ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನಲ್ಲಿ (ಓಪನ್ ಸೋರ್ಸ್ ಪ್ರಾಜೆಕ್ಟುಗಳ ಸಂಸ್ಥೆ) ಕಮಿಟ್ ಹಕ್ಕಿಗೆ, ಅಂದರೆ ಪ್ರಾಜೆಕ್ಟಿನ ಕೋಡಿಗೆ ನೇರವಾಗಿ ಬದಲಾವಣೆ ಸೇರಿಸುವ ಹಕ್ಕಿಗೆ, ಅರ್ಜಿ ಫಾರಂ ಇಲ್ಲ. ಆ ಹಕ್ಕು ಸಿಕ್ಕವರೇ ಕಮಿಟರ್. ಕಾಫ್ಕಾ ಇರಲಿ, ಸ್ಪಾರ್ಕ್ ಇರಲಿ, ಆ ಪ್ರಾಜೆಕ್ಟನ್ನು ನಡೆಸುವ ಸಮಿತಿಯಾದ ಪಿಎಂಸಿಯೇ ನಿಮ್ಮ ಹೆಸರು ಎತ್ತಿ, ತನ್ನ ಖಾಸಗಿ ಮೇಲಿಂಗ್ ಲಿಸ್ಟಿನಲ್ಲಿ ಮತ ಹಾಕಿ, ಆಮೇಲೆ ನಿಮಗೆ ಮೇಲ್ ಮಾಡುತ್ತದೆ. ‘ನನಗೆ ಯಾವಾಗ ಕೊಡ್ತೀರಿ’ ಅಂತ ಎಲ್ಲರೆದುರು ಕೇಳಿದರೆ ಮುಜುಗರವೇ ಜಾಸ್ತಿ. ಇಷ್ಟು ಪ್ಯಾಚ್ (ಕೋಡಿನ ತಿದ್ದುಪಡಿ) ಆದರೆ ಸಾಕು ಎಂಬ ಲೆಕ್ಕವೂ ಇಲ್ಲ, ಒಂದೊಂದು ಪಿಎಂಸಿಯದು ಒಂದೊಂದು ಅಳತೆ.

ಹೆಸರು ಎತ್ತುವವರು ಯೋಚಿಸುವುದು ಇಷ್ಟೇ: ಇವರ ಕೈಗೆ ಕೀಲಿ ಕೊಟ್ಟರೆ ನಮ್ಮ ಕೆಲಸ ಹಗುರವಾಗುತ್ತದೋ, ಹೆಚ್ಚುತ್ತದೋ? ಹಾಗಾಗಿ ಹತ್ತು ಕಡೆ ಸ್ಪೆಲಿಂಗ್ ತಿದ್ದುತ್ತ ಓಡಾಡುವುದಕ್ಕಿಂತ ಕೋಡಿನ ಒಂದು ಭಾಗ (ಮಾಡ್ಯೂಲ್) ಹಿಡಿದು ಕೂರಿ. ಪುಲ್ ರಿಕ್ವೆಸ್ಟ್, ಅಂದರೆ ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಚಿಕ್ಕದಿರಲಿ: ಒಂದು ದೋಷ, ಅದನ್ನು ಹಿಡಿದು ತೋರಿಸುವ ಒಂದು ಟೆಸ್ಟ್. ಫಾರ್ಮ್ಯಾಟಿಂಗ್ ಬದಲಾವಣೆ ಅದರಲ್ಲಿ ಬೆರೆಸಬೇಡಿ. ಮೂರು ಸಾಲಿನ ತಿದ್ದುಪಡಿ ಮುನ್ನೂರು ಸಾಲಿನ ಬದಲಾವಣೆ ಪಟ್ಟಿಯಾದ ಡಿಫ್‌ನಲ್ಲಿ ಮುಳುಗಿದರೆ ರಿವ್ಯೂ ಮಾಡುವವರು ‘ನಾಳೆ ನೋಡೋಣ’ ಎಂದು ಬದಿಗಿಡುತ್ತಾರೆ, ಆ ನಾಳೆ ಬರುವುದಿಲ್ಲ. ಹೊಸ ಫೈಲಿನ ತಲೆಯಲ್ಲಿ ಅಪಾಚೆ ಲೈಸೆನ್ಸ್ ಹೆಡರ್ ಇರಲಿ. ಮರೆತರೆ ಹಲವು ಪ್ರಾಜೆಕ್ಟುಗಳಲ್ಲಿ ‘ರ್‍ಯಾಟ್’ ಎಂಬ ಟೂಲ್ ಬಿಲ್ಡನ್ನೇ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ನಿಲ್ಲಿಸುತ್ತದೆ.

ಹೆಚ್ಚಿನವರು ಕೈಹಾಕದ, ಆದರೆ ಬೇಗ ಕಣ್ಣಿಗೆ ಬೀಳುವ ಕೆಲಸ ರಿಲೀಸ್ ತಪಾಸಣೆ. ಹೊಸ ಆವೃತ್ತಿಯ ಮತದಾನ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ತೆರೆದಿರುತ್ತದೆ. ಅಷ್ಟರಲ್ಲಿ ಸೋರ್ಸ್ ಪ್ಯಾಕೇಜ್ ಇಳಿಸಿಕೊಂಡು, ಫೈಲ್ ಕೆಟ್ಟಿಲ್ಲವೆಂದು ತೋರಿಸುವ ಎಸ್‌ಎಚ್‌ಎ-512 ಚೆಕ್‌ಸಮ್ ತಾಳೆ ನೋಡಿ. ಪ್ರಾಜೆಕ್ಟಿನ ‘ಕೀಸ್’ ಫೈಲನ್ನು (ಸಹಿ ಹಾಕುವವರ ಸಾರ್ವಜನಿಕ ಕೀಗಳಿರುವುದು) ಜಿಪಿಜಿ ಎಂಬ ಟೂಲಿಗೆ ಸೇರಿಸಿ ಪ್ಯಾಕೇಜಿನ ಡಿಜಿಟಲ್ ಸಹಿ ಪರೀಕ್ಷಿಸಿ. ‘ಗುಡ್ ಸಿಗ್ನೇಚರ್’ ಸಾಲಿನ ಕೆಳಗೆ, ಈ ಕೀ ಯಾರದೆಂದು ದೃಢಪಟ್ಟಿಲ್ಲ ಎಂಬ ಎಚ್ಚರಿಕೆಯೂ ಬರಬಹುದು. ಗಾಬರಿ ಬೇಡ, ನಿಮ್ಮ ಕಂಪ್ಯೂಟರಿನಲ್ಲಿ ಆ ಕೀಗೆ ನೀವು ನಂಬಿಕೆ ಗುರುತು ಹಾಕಿಲ್ಲ ಎಂದಷ್ಟೇ ಅದರ ಅರ್ಥ. ಲೈಸೆನ್ಸ್, ನೋಟೀಸ್ ಫೈಲ್‌ಗಳು ಇವೆಯೇ, ಬಿಚ್ಚಿದ ಸೋರ್ಸ್‌ನಿಂದಲೇ ಬಿಲ್ಡ್ ಆಗುತ್ತದೆಯೇ ನೋಡಿ. ಕೊನೆಗೆ ಬರೀ ‘+1’ (ಒಪ್ಪಿಗೆಯ ಮತ) ಎನ್ನದೆ ಯಾವ ಓಎಸ್, ಯಾವ ಜಾವಾ ಆವೃತ್ತಿ, ಏನೇನು ನೋಡಿದಿರಿ ಎಂದೂ ಬರೆಯಿರಿ. ರಿಲೀಸಿಗೆ ಬೇಕಾದ ಮೂರು +1 ಪಿಎಂಸಿ ಸದಸ್ಯರದ್ದೇ ಆಗಿರಬೇಕು, ನಿಮ್ಮ ಮತ ಎಣಿಕೆಗೆ ಬಾರದು. ಆದರೆ ನಿಮ್ಮ ಟಿಪ್ಪಣಿ ಓದುವವರು ಅವರೇ.

ಆಹ್ವಾನ ಬಂದ ಮೇಲೆ ಕಾಗದಪತ್ರ. ಐಸಿಎಲ್‌ಎ ಎಂಬ, ಕೊಡುಗೆ ಕೊಡುವವರ ವೈಯಕ್ತಿಕ ಲೈಸೆನ್ಸ್ ಒಪ್ಪಂದದಲ್ಲಿ ಪೂರ್ತಿ ಹೆಸರು, ಅಂಚೆ ವಿಳಾಸ, ಇಮೇಲ್, ಬೇಕಾದ ಅಪಾಚೆ ಐಡಿ ತುಂಬಿ ಪಿಡಿಎಫ್ ಆಗಿ ಫೌಂಡೇಶನ್ನಿನ ಸೆಕ್ರೆಟರಿಗೆ ಕಳಿಸಬೇಕು. ಹೆಸರಿನ ಮುಂದಿನ ಇನಿಶಿಯಲ್ಲನ್ನು ಬಿಡಿಸಿ ಬರೆಯುವುದು ಒಳ್ಳೆಯದು. ಸಹಿಯ ಜಾಗದಲ್ಲಿ ಓರೆ ಫಾಂಟಿನಲ್ಲಿ ಹೆಸರು ಟೈಪಿಸಿದರೆ ನಡೆಯುವುದಿಲ್ಲ. ಪ್ರಿಂಟ್ ತೆಗೆದು ಪೆನ್ನಿನಲ್ಲಿ ಸಹಿ ಹಾಕಿ ಸ್ಕ್ಯಾನ್ ಮಾಡಿ.

ಸಹಿಗೆ ಮೊದಲು ನಾಲ್ಕನೇ ಕಲಂ ಓದಿ. ನೀವು ಬರೆದ ಕೋಡಿನ ಮೇಲೆ ನಿಮ್ಮ ಕಂಪನಿಗೆ ಹಕ್ಕಿದ್ದರೆ ಅದರ ಅನುಮತಿ ಪಡೆದಿದ್ದೀರಿ ಎಂದು ನೀವೇ ಅಲ್ಲಿ ಹೇಳಿಕೆ ಕೊಡುತ್ತೀರಿ. ಬೆಂಗಳೂರಿನ ಐಟಿ ನೇಮಕಾತಿ ಪತ್ರಗಳಲ್ಲಿ ಇಂಥ ಹಕ್ಕಿನ ಷರತ್ತು ಮಾಮೂಲು. ಮ್ಯಾನೇಜರ್ ಬಾಯಿಮಾತಲ್ಲಿ ‘ಓಕೆ’ ಎಂದರೆ ಸಾಲದು, ಮೇಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಐಡಿ ಬಂದಮೇಲೂ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟನ್ನು ಕೋಡಿಗೆ ಸೇರಿಸುವ ಮರ್ಜ್ ಬಟನ್ ಕಾಣದಿದ್ದರೆ ಅಪಾಚೆಯ ಗಿಟ್‌ಬಾಕ್ಸ್ ಪುಟ ನೋಡಿ. ಅಪಾಚೆ ಐಡಿ ಮತ್ತು ಗಿಟ್‌ಹಬ್ ಖಾತೆ ಎರಡನ್ನೂ ಅಲ್ಲಿ ಜೋಡಿಸಿರಬೇಕು, ಗಿಟ್‌ಹಬ್‌ನಲ್ಲಿ ಎರಡು ಹಂತದ ಲಾಗಿನ್ ಚಾಲೂ ಇರಬೇಕು. ಗಿಟ್‌ಹಬ್‌ನ ಅಪಾಚೆ ಗುಂಪಿಗೆ ಸೇರುವ ಆಹ್ವಾನದ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರಲೂಬಹುದು.

ಬಟನ್ ಬಂತೆಂದು ನಿಮ್ಮದೇ ಪುಲ್ ರಿಕ್ವೆಸ್ಟನ್ನು ಕೂಡಲೇ ಮರ್ಜ್ ಮಾಡಿಬಿಡಬೇಡಿ. ‘ಮೊದಲು ರಿವ್ಯೂ, ಆಮೇಲೆ ಕಮಿಟ್’ ಪದ್ಧತಿಯ ಪ್ರಾಜೆಕ್ಟಾದರೆ ಇನ್ನೊಬ್ಬರ ಒಪ್ಪಿಗೆ ನಿಮಗೂ ಬೇಕು.