ಚಿಕ್ಕಪ್ಪನಿಗೆ ಅರ್ಥವಾಗುವಂತೆ ಲಸಿಕೆಯ ಸುದ್ದಿ ಬರೆಯಲು ಕಲಿತದ್ದು

2020ರ ನವೆಂಬರ್ ಕೊನೆಯ ವಾರ. ಪುಣೆಯ ಕೋಥ್ರೂಡ್‌ನ ಮನೆಯಲ್ಲಿ ಕುಳಿತು ನಾನು ಬರೆದ ಲೇಖನ ಅಂದು ಬೆಳಿಗ್ಗೆ ಕನ್ನಡ ಪತ್ರಿಕೆಯೊಂದರಲ್ಲಿ ಬಂದಿತ್ತು. ಹತ್ತು ಗಂಟೆಯ ಹೊತ್ತಿಗೆ ಸಾಗರದಿಂದ ಚಿಕ್ಕಪ್ಪನ ಫೋನ್. "ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಚಿಂಪಾಂಜಿಯ ವೈರಸ್ಸನ್ನು ನಮಗೆ ಚುಚ್ಚುತ್ತಾರಂತಲ್ಲ! ಮಂಗನ ಕಾಯಿಲೆ ಸಾಲದು ಎಂದು ಈಗ ಇದೊಂದು ಬೇರೆಯೇ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಕ್ಸ್‌ಫರ್ಡ್‌ನ ಲಸಿಕೆಯ ಬಗ್ಗೆ ಬಂದ ಹೇಳಿಕೆಯಲ್ಲಿದ್ದ ಮಾತನ್ನೇ ನಾನು ಕನ್ನಡಕ್ಕೆ ಇಳಿಸಿದ್ದೆ: 'ಚಿಂಪಾಂಜಿಗಳಿಗೆ ಶೀತ ತರುವ ವೈರಸ್ಸನ್ನು ದುರ್ಬಲಗೊಳಿಸಿ ಬಳಸಲಾಗಿದೆ.' ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಓದುತ್ತಿದ್ದದ್ದು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಹಿಂದಿನ ವರ್ಷವಷ್ಟೇ ಅರಲಗೋಡಿನ ಸುತ್ತ ಮಂಗನ ಕಾಯಿಲೆಗೆ ಜನ ಸತ್ತದ್ದನ್ನು ಕಂಡವರು ಅವರು. ತೋಟದಲ್ಲಿ ಒಂದು ಮಂಗ ಸತ್ತು ಬಿದ್ದರೆ ತರಗೆಲೆ ತರಲು ಬೆಟ್ಟಕ್ಕೆ ಹೋಗುವುದನ್ನೇ ನಿಲ್ಲಿಸುವ ಊರು ಅದು. ಉಣುಗು ಕಚ್ಚದಿರಲಿ ಎಂದು ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕಾಡಿಗೆ ಕಾಲಿಡುವ ಜನ. ಅವರ ಮುಂದೆ ನಾನು ಚಿಂಪಾಂಜಿ ಎಂಬ ಪದವನ್ನು ಯಾವ ಸಿದ್ಧತೆಯೂ ಇಲ್ಲದೆ ಇಟ್ಟುಬಿಟ್ಟಿದ್ದೆ.

ಮಂಗನ ಕಾಯಿಲೆಗೂ ಪುಣೆಗೂ ಹಳೆಯ ನಂಟಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಆ ವೈರಸ್ಸನ್ನು ಗುರುತಿಸಿದ್ದು 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಅದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 2020ರ ಜನವರಿ 30ರಂದು ದೇಶದ ಮೊದಲ ಕೊರೊನಾ ಪ್ರಕರಣ ಕೇರಳದಲ್ಲಿ ದೃಢಪಟ್ಟಾಗ ಮಾದರಿಯ ಪರೀಕ್ಷೆ ನಡೆದದ್ದೂ ಅಲ್ಲಿಯೇ. ನಾನು ಅಂಬೇಡ್ಕರ್ ರಸ್ತೆಯ ಆ ಕಟ್ಟಡದ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ. ನನ್ನೂರಿನ ಕಾಯಿಲೆಗೂ ನಾನು ಬರೆಯುತ್ತಿದ್ದ ಸುದ್ದಿಗೂ ಇದ್ದ ಈ ಕೊಂಡಿ ಚಿಕ್ಕಪ್ಪನ ಫೋನ್ ಬರುವವರೆಗೆ ನನ್ನ ಬರಹದೊಳಗೆ ಬಂದಿರಲೇ ಇಲ್ಲ.

ಅಂದು ಸಂಜೆ ನಾನೇ ಮತ್ತೆ ಫೋನ್ ಮಾಡಿದೆ. "ಚಿಕ್ಕಪ್ಪ, ಸಿಂಗಾರವನ್ನೇ ಕೊಯ್ದುಬಿಟ್ಟ ಅಡಿಕೆ ಮರ ಏನಾಗುತ್ತದೆ?" ಎಂದು ಕೇಳಿದೆ. "ನಿಂತಿರುತ್ತದೆ. ಆ ವರ್ಷ ಫಸಲಿಲ್ಲ," ಎಂದರು. ಈ ವೈರಸ್ ಸಹ ಹಾಗೆಯೇ, ಮೈಯೊಳಗೆ ಹೋದರೂ ಮರಿ ಹಾಕದಂತೆ ಅದರ ಜೀನ್ ತೆಗೆದಿರುತ್ತಾರೆ, ಕೊರೊನಾದ ಮುಳ್ಳಿನ ಗುರುತನ್ನು ಮಾತ್ರ ಅದರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ ಎಂದೆ. ಮನುಷ್ಯರದೇ ಶೀತದ ವೈರಸ್ ಯಾಕಾಗದು ಎಂದು ಅವರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಅಂಥ ವೈರಸ್‌ಗಳನ್ನು ನಮ್ಮಲ್ಲಿ ಅನೇಕರ ದೇಹ ಈಗಾಗಲೇ ಕಂಡಿರುತ್ತದೆ, ಗುರುತು ತಲುಪಿಸುವ ಮೊದಲೇ ಅದನ್ನು ಬಾಗಿಲಲ್ಲಿ ತಡೆದುಬಿಡಬಹುದು. ಚಿಂಪಾಂಜಿಯದು ಅಪರಿಚಿತ, ಆದ್ದರಿಂದ ಒಳಗೆ ಹೋಗುತ್ತದೆ. ಮುಂದಿನ ವಾರ ನಾನು ಬರೆದ ಲೇಖನ ಬಹುಪಾಲು ಈ ಸಂಭಾಷಣೆಯೇ ಆಗಿತ್ತು. ಮಂಗನ ಕಾಯಿಲೆ ತರುವ ವೈರಸ್ಸಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂಬ ವಾಕ್ಯವನ್ನು ಮೊದಲ ಪ್ಯಾರಾದಲ್ಲಿಯೇ ಇಟ್ಟೆ.

ಚಿಕ್ಕಪ್ಪ ಓದಿದ್ದ ಆ ಮೊದಲ ಲೇಖನದಲ್ಲಿ ಇನ್ನೊಂದು ತಪ್ಪು ಮಾಡಿದ್ದೆ, ಇದು ಇನ್ನೂ ದೊಡ್ಡದು. ಆಕ್ಸ್‌ಫರ್ಡ್ ಲಸಿಕೆ ಎಷ್ಟರ ಮಟ್ಟಿಗೆ ರೋಗ ತಡೆಯುತ್ತದೆ ಎಂಬ ನವೆಂಬರ್ 23ರ ಪ್ರಕಟಣೆಯಲ್ಲಿ ಮೂರು ಅಂಕಿಗಳಿದ್ದವು: ಒಂದು ಗುಂಪಿನಲ್ಲಿ ಶೇ. 62, ಇನ್ನೊಂದರಲ್ಲಿ ಶೇ. 90, ಎರಡನ್ನೂ ಸೇರಿಸಿದರೆ ಶೇ. 70. ನಾನು ಶೇ. 90ನ್ನು ಮೇಲೆತ್ತಿ ಹಿಡಿದೆ. ಮೊದಲ ಡೋಸನ್ನು ಅರ್ಧ ಕೊಟ್ಟು ಎರಡನೆಯದನ್ನು ಪೂರ್ತಿ ಕೊಟ್ಟ ಗುಂಪಿನಲ್ಲಿ ಬಂದ ಅಂಕಿ ಅದು. ಆ ಅರ್ಧ ಡೋಸ್ ಮೊದಲೇ ಯೋಚಿಸಿದ್ದಲ್ಲ, ಅಳತೆಯಲ್ಲಿ ಆದ ವ್ಯತ್ಯಾಸದಿಂದ ಬಂದದ್ದು ಎಂಬುದು ಕೆಲವೇ ದಿನಗಳಲ್ಲಿ ಹೊರಬಿತ್ತು. ಆ ಗುಂಪಿನಲ್ಲಿ ಇದ್ದವರೆಲ್ಲ 55 ವರ್ಷದೊಳಗಿನವರು. ನನ್ನ ಚಿಕ್ಕಪ್ಪನಿಗೆ ಅರವತ್ತೆಂಟು. ಅವರಂಥವರ ಬಗ್ಗೆ ಆ ಅಂಕಿ ಏನನ್ನೂ ಹೇಳುತ್ತಿರಲಿಲ್ಲ, ಆದರೆ ಅವರಂಥವರೇ ಅದನ್ನು ಓದಿ ಧೈರ್ಯ ತಂದುಕೊಂಡಿದ್ದರು. ತಿದ್ದುಪಡಿ ಬರೆದು ಕಳಿಸಿದೆ. ಒಳಪುಟದಲ್ಲಿ ಸಣ್ಣದಾಗಿ ಬಂತು. ತಲೆಬರಹ ಓದಿದವರಲ್ಲಿ ಎಷ್ಟು ಮಂದಿ ಅದನ್ನು ನೋಡಿರಬಹುದು ಎಂಬ ಚಿಂತೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ಅಂದಿನಿಂದ ಶೇಕಡಾವಾರು ಅಂಕಿ ಕಂಡರೆ ನಾನು ಮೊದಲು ಹುಡುಕುವುದು ತಲೆ ಎಣಿಕೆಯನ್ನು. ಲಸಿಕೆ ಪಡೆದವರಲ್ಲಿ ಎಷ್ಟು ಜನರಿಗೆ ರೋಗ ಬಂತು, ಪಡೆಯದವರಲ್ಲಿ ಎಷ್ಟು ಜನರಿಗೆ, ಅವರ ವಯಸ್ಸು ಎಷ್ಟು. ಈ ಮೂರು ಸಿಗದಿದ್ದರೆ ಶೇಕಡಾ ಅಂಕಿಯನ್ನು ತಲೆಬರಹಕ್ಕೆ ಬಿಡುವುದಿಲ್ಲ. ಸಂಪಾದಕರು ಒತ್ತಾಯಿಸಿದಾಗಲೂ ಬಿಟ್ಟಿಲ್ಲ.

ಇದರ ಉಪಯೋಗ ಕಂಡದ್ದು 2021ರ ಮಾರ್ಚ್‌ನಲ್ಲಿ. ಕೊವ್ಯಾಕ್ಸಿನ್‌ನ ಮಧ್ಯಂತರ ಫಲಿತಾಂಶ ಬಂದಿತ್ತು: ಶೇ. 81. ಕರ್ವೆ ರಸ್ತೆಯ ಬಳಿ ಕುಂದಾಪುರ ಕಡೆಯ ಶೆಟ್ಟರೊಬ್ಬರ ಹೋಟೆಲಿದೆ. ಬೆಳಗಿನ ಕಾಫಿ ನನಗೆ ಅಲ್ಲಿಯೇ. ಗಲ್ಲಾದ ಹಿಂದೆ ಕುಳಿತಿದ್ದ ಶೆಟ್ಟರು ಕೇಳಿದರು: "ಹಾಗಾದರೆ ನೂರರಲ್ಲಿ ಹತ್ತೊಂಬತ್ತು ಜನಕ್ಕೆ ಲಸಿಕೆ ತೆಗೆದುಕೊಂಡರೂ ಬರುತ್ತದೆ. ಆ ಹತ್ತೊಂಬತ್ತರಲ್ಲಿ ನಾನೇ ಇದ್ದರೆ ಏನು ಗತಿ, ಮೇಡಂ?"

ಓದಿದವರು, ಓದದವರು ಎಂಬ ಭೇದವಿಲ್ಲದೆ ಅದೆಷ್ಟು ಜನ ಇದೇ ಅರ್ಥ ಮಾಡಿಕೊಂಡಿದ್ದರೋ. ನಾನು ಅವರ ಬಿಲ್ ಪುಸ್ತಕದ ಹಿಂಬದಿಯಲ್ಲಿ ಎರಡು ಗೆರೆ ಎಳೆದೆ. "ಪ್ರಯೋಗದಲ್ಲಿ 25,800 ಜನ. ಎರಡು ಸಮ ಭಾಗ ಮಾಡಿದ್ದಾರೆ ಎಂದುಕೊಳ್ಳಿ. ಒಂದು ಸಾಲಿಗೆ ಲಸಿಕೆ, ಇನ್ನೊಂದು ಸಾಲಿಗೆ ವೈರಸ್ಸಿನ ಅಂಶವಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಈವರೆಗೆ ಒಟ್ಟು 43 ಜನರಿಗೆ ಕೊರೊನಾ ಬಂದಿದೆ. ಲಸಿಕೆ ಇಲ್ಲದ ಸಾಲಿನಲ್ಲಿ 36, ಲಸಿಕೆ ಇರುವ ಸಾಲಿನಲ್ಲಿ 7. ಮೂವತ್ತಾರು ಆಗಬೇಕಿದ್ದದ್ದು ಏಳಕ್ಕೆ ನಿಂತಿದೆ. ಉಳಿದ ಇಪ್ಪತ್ತೊಂಬತ್ತು ಮೂವತ್ತಾರರಲ್ಲಿ ಎಷ್ಟು ಪಾಲು, ನೀವೇ ಲೆಕ್ಕ ಹಾಕಿ." ಶೆಟ್ಟರು ಕ್ಯಾಲ್ಕುಲೇಟರ್ ಒತ್ತಿದರು. 80.55. "ಓ, ಇದು ನೂರು ಜನರ ಲೆಕ್ಕವೇ ಅಲ್ಲ," ಎಂದರು. ಆಮೇಲೆ ಅಡುಗೆಮನೆಯ ಹುಡುಗರನ್ನು ಕರೆದು ಆ ಕಾಗದವನ್ನು ಅವರೇ ವಿವರಿಸಿದರು. ನನ್ನ ಅಷ್ಟು ವರ್ಷಗಳ ಬರವಣಿಗೆಯಲ್ಲಿ ಅಂಥ ಸಂತೋಷ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಮರುದಿನದ ಲೇಖನದಲ್ಲಿ ಆ ಎರಡು ಸಾಲುಗಳನ್ನೇ ಬರೆದೆ. ಜೊತೆಗೆ ಹಿತವಲ್ಲದ ಮಾತನ್ನೂ ಬರೆದೆ: ಜನವರಿ 3ರಂದು ಈ ಲಸಿಕೆಗೆ ತುರ್ತು ಬಳಕೆಯ ಅನುಮತಿ ಕೊಟ್ಟಾಗ ಈ ಎಣಿಕೆ ಇನ್ನೂ ಕೈಯಲ್ಲಿರಲಿಲ್ಲ. ಅದನ್ನು ಬರೆಯಬೇಡಿ, ಜನ ಹೆದರುತ್ತಾರೆ ಎಂದವರು ಇದ್ದರು. ಜನ ಹೆದರುವುದು ಮುಚ್ಚಿಟ್ಟದ್ದು ಆಮೇಲೆ ತಿಳಿದಾಗ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದೇ ವರ್ಷದ ನವೆಂಬರ್‌ನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪೂರ್ಣ ಪ್ರಬಂಧ ಬಂದಾಗ ರೋಗಿಗಳು 130, ಲಸಿಕೆ ಪಡೆದವರಲ್ಲಿ 24, ಪಡೆಯದವರಲ್ಲಿ 106. ಅಂಕಿ ಶೇ. 77.8 ಆಗಿತ್ತು. "ಇಳಿಯಿತಲ್ಲ!" ಎಂದು ಶೆಟ್ಟರು ಆತಂಕಪಡಲಿಲ್ಲ. ಹೆಚ್ಚು ತಲೆ ಎಣಿಸಿದ್ದಾರೆ, ಅಂಕಿ ಗಟ್ಟಿಯಾಗಿದೆ ಎಂದು ಅವರೇ ನನಗೆ ಹೇಳಿದರು.

2021ರ ಮೇ ತಿಂಗಳಲ್ಲಿ ಕೊವಿಶೀಲ್ಡ್‌ನ (ಆಕ್ಸ್‌ಫರ್ಡ್ ಲಸಿಕೆಗೆ ನಮ್ಮಲ್ಲಿನ ಹೆಸರು) ಎರಡು ಡೋಸ್‌ಗಳ ಅಂತರವನ್ನು 12–16 ವಾರಗಳಷ್ಟಕ್ಕೆ ಏರಿಸಿದ್ದು ಇನ್ನೊಂದು ಕಷ್ಟದ ಸಂದರ್ಭ. ಹಡಪ್ಸರದ ಕಡೆ ಕಟ್ಟಡ ಕೆಲಸಕ್ಕೆ ಬಂದಿದ್ದ ಕಲಬುರಗಿಯ ಕುಟುಂಬಗಳು ಕೇಳುತ್ತಿದ್ದದ್ದು ಒಂದೇ ಮಾತು: ಲಸಿಕೆ ತಯಾರಾಗುವುದು ಇಲ್ಲಿಯೇ, ಸೀರಂ ಸಂಸ್ಥೆ ಇರುವುದು ಇದೇ ಊರಿನಲ್ಲಿ, ಆದರೂ ನಮಗೆ ಯಾಕಿಲ್ಲ? ಅಂತರ ಹೆಚ್ಚಿದರೆ ರಕ್ಷಣೆ ಹೆಚ್ಚುತ್ತದೆ ಎನ್ನಲು ಆಧಾರವಿತ್ತು. ಆರು ವಾರದೊಳಗೆ ಎರಡನೆಯ ಡೋಸ್ ಪಡೆದವರಲ್ಲಿ ಶೇ. 55ರಷ್ಟಿದ್ದ ಪರಿಣಾಮ, ಹನ್ನೆರಡು ವಾರ ಕಳೆದವರಲ್ಲಿ ಶೇ. 81ರಷ್ಟಿತ್ತು. ಲಸಿಕೆಯ ಕೊರತೆ ಇದ್ದದ್ದೂ ಅಷ್ಟೇ ನಿಜ. ಎರಡನ್ನೂ ಒಂದೇ ಲೇಖನದಲ್ಲಿ, ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಬರೆದೆ.

ಚಿಕ್ಕಪ್ಪ ಮಾರ್ಚ್‌ನಲ್ಲಿಯೇ ಮೊದಲ ಡೋಸ್ ಪಡೆದಿದ್ದರು. ಅಂದು ಸಂಜೆ ಫೋನ್ ಮಾಡಿದರು. ಮಂಗನ ಕಾಯಿಲೆಯ ಚುಚ್ಚುಮದ್ದಿನಷ್ಟು ನೋವಿಲ್ಲ ಎಂದರು. ಇಷ್ಟು ಬೇಗ ಲಸಿಕೆ ಹೇಗೆ ಬಂತು ಎಂದು ಕೇಳಿದರು. ಆಕ್ಸ್‌ಫರ್ಡ್‌ನವರು ಮೆರ್ಸ್ ಎಂಬ ಇನ್ನೊಂದು ಕೊರೊನಾ ರೋಗಕ್ಕೆ ಗುರುತು ಹೊತ್ತೊಯ್ಯುವ ಇದೇ ಚಿಂಪಾಂಜಿ ವೈರಸ್ಸನ್ನು ಮೊದಲೇ ಪರೀಕ್ಷಿಸುತ್ತಿದ್ದರು, 2020ರ ಜನವರಿಯಲ್ಲಿ ಹೊಸ ವೈರಸ್ಸಿನ ಜೀನ್ ನಕ್ಷೆ ಸಿಕ್ಕಿತು, ಪ್ರಯೋಗದ ಹಂತಗಳನ್ನು ಒಂದರ ಮೇಲೊಂದು ನಡೆಸಿದರು, ಅನುಮತಿ ಬರುವ ಮೊದಲೇ ಕಾರ್ಖಾನೆಗಳು ತಯಾರಿಸತೊಡಗಿದವು, ಹಣ ಹರಿದುಬಂತು ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕ್ಯಾಸನೂರಿನದು ನಾನು ಶಾಲೆಗೆ ಸೇರುವ ಮೊದಲಿನದು. ಅದಕ್ಕೆ ವರ್ಷ ವರ್ಷ ಚುಚ್ಚಿಸಿಕೊಂಡರೂ ಬರುತ್ತದೆ. ಅದರ ಬಗ್ಗೆ ಬರೆಯುವುದಿಲ್ಲವೇ, ಮಗಳೇ?"

ಮರುವಾರವೇ ಆ ಕೆಲಸ ಹಿಡಿದೆ. 2022ರ ಹೊತ್ತಿಗೆ ಆ ಹಳೆಯ ಲಸಿಕೆಯನ್ನೂ ನಿಲ್ಲಿಸಿದರು. ನನ್ನ ಮೇಜಿನ ಮೇಲೆ ಈಗ ಇರುವುದು ಆ ಕಡತ.