ಗೇಟಿನ ದುಡ್ಡಿನ ಲೆಕ್ಕ ಕೇಳೋದು ಹೇಗೆ?

ಕಾರವಾರದಲ್ಲಿ ಮಳೆ ಬಿಟ್ಟು ಮೈದಾನ ಒಣಗಿತು ಅಂದ್ರೆ ಫುಟ್‌ಬಾಲ್ ಟೂರ್ನಿಗಳು ಶುರು. ಕೋಡಿಬಾಗ, ಸದಾಶಿವಗಡ, ಮಾಜಾಳಿ, ಯಾವ ಕಡೆಯ ಹುಡುಗರು ಆಡಿದರೂ ಅವರ ಹಿಂದೆ ಇಡೀ ಓಣಿ ಬರುತ್ತದೆ. ಹೊನಲು ಬೆಳಕಿನ ಪಂದ್ಯಕ್ಕೆ ಟಿಕೆಟ್ ಇಡುವುದಕ್ಕೆ ನನ್ನ ತಕರಾರಿಲ್ಲ. ಲೈಟಿನ ಬಾಡಿಗೆ, ಜನರೇಟರಿನ ಡೀಸೆಲ್, ರೆಫರಿಗಳ ಭತ್ಯೆ ಎಲ್ಲಿಂದಲೋ ಬರಲೇಬೇಕಲ್ವಾ? ಕಾರಣ ಹೇಳದೆ ದರ ಏರಿಸಿದರೆ ತಕರಾರಿದೆ. ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಮೈದಾನದಲ್ಲಿ ಬೆವರು ಸುರಿಸಿದ ಹುಡುಗರಿಗೂ ಗೊತ್ತಾಗದಿದ್ದರೆ ಇನ್ನೂ ದೊಡ್ಡ ತಕರಾರಿದೆ.

ನಾನು ಕೋಡಿಬಾಗದವಳು. ಮೀನುಗಾರರ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆಯ ಒಂದು ಟೂರ್ನಿಯಲ್ಲಿ ಟಿಕೆಟ್ 40 ರೂಪಾಯಿಯಿಂದ ಒಂದೇ ಸಲಕ್ಕೆ 100 ಆಯಿತು. ನಾವು ಓಣಿಯವರು ಸೇರಿ ಅದನ್ನು 50ಕ್ಕೆ ಇಳಿಸಿದೆವು. ಗೇಟ್ ಹಣದಲ್ಲಿ, ಅಂದರೆ ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ, ಆಟಗಾರರಿಗೂ ಮಕ್ಕಳಿಗೂ ಪಾಲು ಕೇಳಿ ಪಡೆದೆವು. ಟೂರ್ನಿಯ ಹೆಸರು ಬೇಡ, ಆ ಸಮಿತಿಯವರ ಜೊತೆ ಈಗ ಮಾತುಕತೆ ಚೆನ್ನಾಗಿದೆ. ಅಂಕೋಲಾ, ಕುಮಟಾ ಕಡೆಯವರು ಹೇಗೆ ಮಾಡಿದಿರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಮೊದಲು ಸಂಖ್ಯೆ ಹಿಡಿಯಿರಿ. ಘೋಷಣೆ, ಬ್ಯಾನರ್ ಎಲ್ಲ ಆಮೇಲೆ. ನಮ್ಮಲ್ಲಿ ಗೇಟಿನಲ್ಲಿ ಕೊಡುವುದು ಪುಸ್ತಕದಿಂದ ಹರಿದ ಚೀಟಿ. ತೆಳು ಪಿಂಕ್ ಕಾಗದ, ಒಂದು ಬದಿಗೆ ಹರಿದ ಅಂಚು, ಮೇಲೆ ಸಮಿತಿಯ ರಬ್ಬರ್ ಸ್ಟ್ಯಾಂಪು, ಮೂಲೆಯಲ್ಲಿ ಸೀರಿಯಲ್ ನಂಬರ್. ಆ ನಂಬರನ್ನು ಯಾರೂ ನೋಡುವುದಿಲ್ಲ. ನೀವು ನೋಡಿ. ಪ್ರತಿ ಕಿಂಡಿಗೆ ಇಬ್ಬರನ್ನು ಬಿಡಿ. ಒಬ್ಬರು ಗೇಟ್ ತೆರೆದ ಕೂಡಲೇ ಟಿಕೆಟ್ ತೆಗೆಯಲಿ, ಇನ್ನೊಬ್ಬರು ಸೆಕೆಂಡ್ ಹಾಫ್ ಶುರುವಾದ ಮೇಲೆ. ಮೊದಲಿನವರದು 1201, ಕೊನೆಯವರದು 1874 ಅಂತಿಟ್ಟುಕೊಳ್ಳಿ. ಅಂದರೆ ಆ ಕಿಂಡಿಯಲ್ಲಿ 674 ಟಿಕೆಟ್. ನೂರರ ಲೆಕ್ಕದಲ್ಲಿ 67,400 ರೂಪಾಯಿ, ಅದೂ ಒಂದು ಸಂಜೆಗೆ. ನಡುವೆ ಪುಸ್ತಕ ಬದಲಾಗಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅರ್ಧ ಗಂಟೆಗೊಮ್ಮೆ ಬರುವವರ ಟಿಕೆಟ್ ಕೇಳಿ ನೋಡಿ, ನಂಬರ್ ಬರೆದುಕೊಳ್ಳಿ. ಎರಡು ಮೂರು ಪಂದ್ಯಕ್ಕೆ ಹೀಗೆ ಮಾಡಿದರೆ ಸಾಕು, ಅಂದಾಜು ಸಿಗುತ್ತದೆ.

ಹಾಗೇ ಮುಂದಿನ ಸೋಫಾಗಳನ್ನೂ ಎಣಿಸಿ. ಅಲ್ಲಿ ಕೂತವರು ಪಾಸಿನ ಮೇಲೆ ಬಂದವರು. ಪಾಸ್ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಬೋಟಿನಿಂದ ಇಳಿದು ಬಂದವನು ನೂರು ಕೊಟ್ಟು ಬಿದಿರಿನ ಗಳಕ್ಕೆ ಒರಗಿ ನಿಂತಿರುತ್ತಾನೆ, ದುಡ್ಡಿದ್ದವರು ಪುಕ್ಕಟೆ ಕೂತಿರುತ್ತಾರೆ. ಇದನ್ನು ಮೀಟಿಂಗಿನಲ್ಲಿ ಹೇಳಲೇಬೇಕು.

ಖರ್ಚಿನ ಕಡೆಯನ್ನೂ ನ್ಯಾಯವಾಗಿ ಬರೆಯಿರಿ. ಲೈಟು, ಸೌಂಡು, ಪೆಂಡಾಲಿನವರನ್ನು ಕೇಳಿದರೆ ದಿನದ ಬಾಡಿಗೆ ಎಷ್ಟು ಅಂತ ಹೇಳುತ್ತಾರೆ. ಬಹುಮಾನದ ಮೊತ್ತ ಪೋಸ್ಟರಿನಲ್ಲೇ ಇರುತ್ತದೆ. ಅದನ್ನು ಪ್ರಾಯೋಜಕರು ಕೊಟ್ಟಿದ್ದರೆ ಅವರ ಹೆಸರೂ ಅಲ್ಲೇ ಇರುತ್ತದೆ. ಮೈದಾನ ನಗರಸಭೆಯದ್ದೋ ಸರ್ಕಾರದ್ದೋ ಆಗಿದ್ದರೆ ಎಷ್ಟು ಬಾಡಿಗೆಗೆ, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಊರ ಪುರಾಣ ಬರೆಯಬೇಡಿ. ಸಮಿತಿ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗಿದ್ದರೆ ವರ್ಷದ ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದರ ಪ್ರತಿ ಕೇಳಿ.

‘ಎಲ್ಲಾ ಜಿಎಸ್‌ಟಿಗೇ ಹೋಗ್ತದೆ ಅಕ್ಕಾ’ ಅಂತ ನನಗೂ ಒಬ್ಬರು ಹೇಳಿದ್ದರು. ಇಂಥ ಊರ ಟೂರ್ನಿಗಳಲ್ಲಿ ತಲಾ 500 ರೂಪಾಯಿ ಮೀರದ ಪ್ರವೇಶ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ಐಪಿಎಲ್ ಥರದ್ದು ಬೇರೆ ಮಾತು. ಇದನ್ನು ಶಾಂತವಾಗಿ ಹೇಳಿದೆ, ಮಾತು ಅಲ್ಲಿಗೆ ನಿಂತಿತು.

ಈಗ ಬೇಡಿಕೆ. ಒಂದೇ ಸಂಖ್ಯೆ ಇರಲಿ. ‘ದರ ಕಡಿಮೆ ಮಾಡಿ’ ಅಂದರೆ 100 ಹೋಗಿ 90 ಆಗುತ್ತದೆ, ಅಷ್ಟೇ. ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ಒಕ್ಕೂಟ 2013ರಲ್ಲಿ ‘ಟ್ವೆಂಟೀಸ್ ಪ್ಲೆಂಟಿ’ ಅಂತ ಹೊರಟಿತು. ಬೇರೆ ಊರಿಗೆ ಹೋಗಿ ಪಂದ್ಯ ನೋಡುವವರಿಗೆ ಟಿಕೆಟ್ 20 ಪೌಂಡ್ ಸಾಕು ಅಂತ ಅವರ ಕೂಗು. ಅಲ್ಲಿನ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ 2016-17ರಿಂದ 30 ಪೌಂಡಿನ ಮಿತಿ ಹಾಕಿತು. ಕೇಳಿದ್ದು 20, ಸಿಕ್ಕಿದ್ದು 30. ಆದರೂ ಅದು ದೊಡ್ಡ ಗೆಲುವೇ, ಯಾಕಂದ್ರೆ ಅಲ್ಲಿವರೆಗೆ ಮಿತಿಯೇ ಇರಲಿಲ್ಲ. ಅವರ ವಾದಕ್ಕೆ ಬಲ ಕೊಟ್ಟಿದ್ದು ಟಿವಿ ಹಣ. 2016ರಿಂದ 2019ರವರೆಗಿನ ಪ್ರಸಾರ ಹಕ್ಕು ಬ್ರಿಟನ್ ಒಳಗೇ 513 ಕೋಟಿ ಪೌಂಡಿಗೂ ಜಾಸ್ತಿಗೆ ಹೋಗಿತ್ತು. ಇಷ್ಟು ಬಂದ ಮೇಲೂ ಗೇಟಿನಲ್ಲಿ ನಮ್ಮನ್ನೇ ಹಿಂಡಬೇಕಾ ಅಂತ ಅವರು ಕೇಳಿದರು. ನಮ್ಮಲ್ಲಿ ಟಿವಿ ಹಣ ಇಲ್ಲ, ಪ್ರಾಯೋಜಕರ ಹಣ ಇದೆ. ಪ್ರಶ್ನೆ ಅದೇ.

ಅದೇ ಲೀಗಿನ ಲಿವರ್‌ಪೂಲ್ ಕ್ಲಬ್ಬಿನದ್ದು ಇನ್ನೂ ಗಟ್ಟಿ ಉದಾಹರಣೆ. 2016ರ ಫೆಬ್ರವರಿ 6, ಸಂಡರ್ಲೆಂಡ್ ವಿರುದ್ಧ ಪಂದ್ಯ. ಹೊಸ ಸ್ಟ್ಯಾಂಡಿನ ಅತಿ ದುಬಾರಿ ಟಿಕೆಟ್ 77 ಪೌಂಡ್ ಅಂತ ಕ್ಲಬ್ ಹೇಳಿತ್ತು. ಅದಕ್ಕೆ ಸರಿಯಾಗಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ಅವರ ತಂಡ 2-0 ಮುಂದಿತ್ತು, ಪಂದ್ಯ ಮುಗಿದಾಗ 2-2. ನಾಲ್ಕು ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರವನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಇದರಲ್ಲಿ ಹಿಡಿಸಿದ್ದು ಸಿಟ್ಟಲ್ಲ, ಸರಳತೆ. ಯಾಕೆ ಎದ್ದು ಹೋದರು ಅಂತ ಮನೆಯಲ್ಲಿ ಟಿವಿ ನೋಡುತ್ತಿದ್ದವರಿಗೂ ಆ ನಿಮಿಷದಲ್ಲೇ ಗೊತ್ತಾಯಿತು.

ನಮ್ಮ ಬೇಡಿಕೆ ಹೀಗಿತ್ತು: ದೊಡ್ಡವರಿಗೆ 50, ಹನ್ನೆರಡರ ಒಳಗಿನ ಮಕ್ಕಳಿಗೆ ಪುಕ್ಕಟೆ. ಪತ್ರದಲ್ಲಿ ಒಂದು ಮನೆಯ ಲೆಕ್ಕ ಬರೆದೆವು. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು ಬಂದರೆ ಒಂದು ಸಂಜೆಗೆ 500. ಮೇಲೆ ಆಟೋ, ಮಕ್ಕಳಿಗೆ ಚುರುಮುರಿ. ಫೈನಲ್‌ವರೆಗೆ ನಾಲ್ಕು ಸಲ ಬಂದರೆ ಟಿಕೆಟ್‌ಗೇ ಎರಡು ಸಾವಿರ. ಈ ಲೆಕ್ಕ ಓದಿದ ಮೇಲೆ ‘ನೂರು ರೂಪಾಯಿ ಏನು ಮಹಾ’ ಅಂತ ಯಾರೂ ಅನ್ನಲಿಲ್ಲ. ಪತ್ರ ಒಂದೇ ಪುಟ ಇರಲಿ, ಕನ್ನಡದಲ್ಲಿ ಇರಲಿ. ಸಹಿ ಹಾಕಿಸಲು ಮನೆಮನೆಗೆ ಹೋಗುವಾಗ ಕೊಂಕಣಿಯಲ್ಲಿ ಮಾತಾಡುವ ಒಬ್ಬರು ಜೊತೆಗಿರಲಿ. ಹೆಂಗಸರ ಸಹಿ ತಪ್ಪದೆ ಹಾಕಿಸಿ. ದರ ಏರಿದಾಗ ಮೊದಲು ಮನೆಯಲ್ಲೇ ಉಳಿಯುವವರು ಅವರು ಮತ್ತು ಮಕ್ಕಳು.

ಪತ್ರ ಕೊಡುವ ಸಮಯ ನೋಡಿಕೊಳ್ಳಿ. ಟಿಕೆಟ್ ಪುಸ್ತಕ ಅಚ್ಚಾಗುವ ಮೊದಲೇ ಕೊಡಬೇಕು. ಅಚ್ಚಾದ ಮೇಲೆ ಎಲ್ಲರಿಗೂ ಹಠ ಬರುತ್ತದೆ. ಪ್ರಾಯೋಜಕರಿಗೂ ಒಂದು ಪ್ರತಿ ಮುಟ್ಟಿಸಿ. ಅಂಗಡಿಯವರಿಗೆ ತುಂಬಿದ ಮೈದಾನ ಬೇಕು, ಖಾಲಿ ಮೈದಾನದ ಸುತ್ತ ಬ್ಯಾನರ್ ಕಟ್ಟಿಸಿ ಅವರಿಗೇನು ಲಾಭ?

ಕೇಳದಿದ್ದರೆ? ಆಗ ಒಂದು ಪಂದ್ಯ, ಮೊದಲ ಹತ್ತು ನಿಮಿಷ ಗೇಟಿನ ಹೊರಗೆ ನಿಲ್ಲಿ. 2016ರಲ್ಲೇ ಜರ್ಮನಿಯ ಡಾರ್ಟ್‌ಮಂಡ್ ತಂಡದ ಅಭಿಮಾನಿಗಳು ಟಿಕೆಟ್ ದರ ವಿರೋಧಿಸಿ ಸ್ಟಟ್‌ಗಾರ್ಟ್‌ನ ಪಂದ್ಯಕ್ಕೆ ತಡವಾಗಿ ಒಳಗೆ ಬಂದು ಮೈದಾನಕ್ಕೆ ಟೆನಿಸ್ ಚೆಂಡು ಎಸೆದಿದ್ದರು. ನಮ್ಮಲ್ಲಿ ಎಸೆಯುವುದು ಬೇಡವೇ ಬೇಡ. ಒಂದು ಚೆಂಡು ಹೋದರೆ ಹಿಂದೆಯೇ ಬಾಟಲಿ ಹೋಗುತ್ತದೆ, ನಿಮ್ಮ ಮಾತು ಅಲ್ಲಿಗೇ ಬಿತ್ತು. ಹೊರಗೆ ನಿಲ್ಲುವ ವಿಷಯ ಎರಡೂ ತಂಡದ ಕ್ಯಾಪ್ಟನ್‌ಗಳಿಗೆ ಹಿಂದಿನ ದಿನವೇ ಹೇಳಿ. ಹುಡುಗರಿಗೆ ತಮ್ಮ ಮೇಲೆ ಬೇಜಾರು ಅಂತ ಅನಿಸಬಾರದು. ಠಾಣೆಗೂ ತಿಳಿಸಿ. ರಸ್ತೆ ಬಿಟ್ಟು ನಿಲ್ಲಿ.

ನನಗೆ ದರಕ್ಕಿಂತ ಮುಖ್ಯವಾದದ್ದು ಪಾಲು. ನನ್ನ ಅಣ್ಣನ ಮಗ ಇಂಥದೇ ಒಂದು ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಆ ಸಂಜೆ ಮೈದಾನ ತುಂಬಿತ್ತು. ಆಪರೇಷನ್‌ಗೆ ಮಾತ್ರ ಗೆಳೆಯರು ಟೋಪಿ ಹಿಡಿದು ದುಡ್ಡು ಎತ್ತಬೇಕಾಯಿತು. ಗೇಟಿನ ಹಣದಿಂದ ಒಂದು ರೂಪಾಯಿ ಬರಲಿಲ್ಲ. ಗೋವಾದಿಂದ ಕರೆಸಿದ ಆಟಗಾರರಿಗೆ ಪಂದ್ಯಕ್ಕೆ ಇಷ್ಟು ಅಂತ ಕೊಡುತ್ತಾರೆ, ನಮ್ಮ ಹುಡುಗರಿಗೆ ಜೆರ್ಸಿ ಮತ್ತು ಊಟ. ಇದು ಸರಿಯಲ್ಲ.

ಇದನ್ನು ನಮ್ಮ ಕಡೆ ಅರ್ಥ ಮಾಡಿಸುವುದು ಕಷ್ಟವೇನಲ್ಲ. ಹತ್ತಾರು ಜನ ಸೇರಿ ದಂಡೆಗೆ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಹಗ್ಗ ಎಳೆದವರಿಗೆಲ್ಲ ಪಾಲಿತ್ತು. ಬಲೆ ಯಾರದೋ ಅವರಿಗೆ ಜಾಸ್ತಿ, ಎಳೆದವರಿಗೆ ಕಡಿಮೆ. ಹಂಚುತ್ತಿದ್ದದ್ದು ಮಾತ್ರ ದಂಡೆಯ ಮೇಲೆ, ಎಲ್ಲರ ಎದುರಿಗೆ. ಸಮಿತಿಯ ಹಿರಿಯರಲ್ಲಿ ಹಲವರು ಚಿಕ್ಕಂದಿನಲ್ಲಿ ಆ ಹಗ್ಗ ಹಿಡಿದವರೇ. ನಾನು ಇದನ್ನು ಎತ್ತಿದಾಗ ಮಾತಿನ ಧಾಟಿಯೇ ಬದಲಾಯಿತು. ಅಷ್ಟು ದುಡ್ಡಿನ ಪ್ರೀಮಿಯರ್ ಲೀಗ್‌ನಲ್ಲೂ ದೇಶದೊಳಗಿನ ಟಿವಿ ಹಣದ ಅರ್ಧವನ್ನು 20 ತಂಡಗಳಿಗೆ ಸಮನಾಗಿ ಹಂಚುತ್ತಾರೆ, ಗೆದ್ದವರಿಗೂ ಸೋತವರಿಗೂ.

ನಾವು ಕೇಳಿದ್ದು ಖರ್ಚು ಕಳೆದು ಉಳಿದದ್ದರಿಂದ ಮೊದಲು ಮೂರು ಪಾಲು ತೆಗೆದಿಡಿ ಅಂತ: ಆಡಿದ ಎಲ್ಲ ತಂಡಗಳಿಗೆ ಒಂದು, ಗಾಯದ ನಿಧಿಗೆ ಒಂದು, ಓಣಿಯ ಮಕ್ಕಳ ಬೂಟು ಮತ್ತು ಕೋಚಿಂಗ್‌ಗೆ ಒಂದು. ಮಿಕ್ಕಿದ್ದು ಸಮಿತಿಗೆ, ಮುಂದಿನ ವರ್ಷದ ಖರ್ಚಿಗೆ. ನಿಮ್ಮೂರಿನಲ್ಲಿ ಬೇರೆ ಥರ ಇರಬಹುದು. ಗಾಯದ ನಿಧಿಯನ್ನು ಮಾತ್ರ ಯಾರೂ ಬಿಟ್ಟುಕೊಡಬೇಡಿ.

ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣಕ್ಕೆ ಎಫ್‌ಸಿ ಗೋವಾ ಕ್ಲಬ್ಬಿನ ಪಂದ್ಯ ನೋಡಲು ಹೋಗುವವರಿಗೂ ಒಂದು ಮಾತು. ಅಲ್ಲಿ ಟಿಕೆಟ್‌ಗಿಂತ ದಾರಿಯ ಖರ್ಚೇ ಜಾಸ್ತಿ. ರಾತ್ರಿ ಏಳೂವರೆಗೆ ಶುರುವಾದ ಆಟ ಮುಗಿಯುವಾಗ ಒಂಬತ್ತೂವರೆ ದಾಟಿರುತ್ತದೆ, ಮಡಗಾಂವ್‌ನಿಂದ ರೈಲು ನೆಚ್ಚಿಕೊಳ್ಳುವ ಹಾಗಿಲ್ಲ. ಸುಮ್ನೆ ಒಬ್ಬೊಬ್ಬರೇ ಹೋಗುವ ಬದಲು ಒಂದು ಟೆಂಪೋ ತುಂಬ ಹೋಗಿ, ಗುಂಪಿನ ಹೆಸರಲ್ಲೇ ಕ್ಲಬ್ಬಿಗೆ ಬರೆದು ಗುಂಪು ಟಿಕೆಟ್ ಕೇಳಿ.

ಸಮಿತಿ ಒಪ್ಪಿದ ಮೇಲೆ ಕೆಲಸ ಮುಗಿಯಲಿಲ್ಲ. ಒಪ್ಪಿದ್ದನ್ನು ಅವರ ಲೆಟರ್‌ಹೆಡ್ಡಿನ ಮೇಲೆ ಸಹಿ, ಸೀಲು ಸಮೇತ ಬರೆಸಿಕೊಳ್ಳಿ. ಪ್ರತಿ ಸಂಜೆಯ ಗೇಟ್ ಮೊತ್ತವನ್ನು ಮರುದಿನ ಗೇಟಿನ ಪಕ್ಕದ ಹಲಗೆಯ ಮೇಲೆ ಬರೆಯಬೇಕು ಅಂತ ಅದರಲ್ಲೇ ಸೇರಿಸಿ. ನಿಮ್ಮ ಸೀರಿಯಲ್ ನಂಬರಿನ ಲೆಕ್ಕ ನಿಲ್ಲಿಸಬೇಡಿ, ಹಲಗೆಯ ಜೊತೆ ತಾಳೆ ನೋಡಿ. ಗಾಯದ ನಿಧಿಗೆ ಬ್ಯಾಂಕಿನಲ್ಲಿ ಬೇರೆಯೇ ಜಂಟಿ ಖಾತೆ ಮಾಡಿಸಿ. ಹಣ ತೆಗೆಯಲು ಎರಡು ಸಹಿ ಬೇಕು ಅಂತ ಫಾರಂನಲ್ಲೇ ಬರೆಸಿ: ಒಂದು ಸಮಿತಿಯ ಖಜಾಂಚಿಯದು, ಇನ್ನೊಂದು ಆಟಗಾರರೇ ಆರಿಸಿದವರದು.