ಕಾಯಿಕೊರಕಕ್ಕೆ ನಾನೇ ಬೆಳೆಸಿದ ನಂಜು

ಕಾಯಿಕೊರಕಕ್ಕೆ ರೋಗ ತಂದು ಕೊಲ್ಲುವ ಎನ್‌ಪಿವಿ ಎಂಬ ವೈರಸ್ಸನ್ನು ಸಿಂಪಡಿಸಿದ ಮೂರನೆಯ ದಿನವೂ ಹುಳು ಮೇಯುತ್ತಿರುವುದನ್ನು ಕಂಡು ‘ಇದು ಆಗದ ಕೆಲಸ, ಬಿಡಿ’ ಎಂದವರೇ ಹೆಚ್ಚು. ಈ ಹಂಗಾಮಿನಲ್ಲಿ ಏಳನೆಯ ದಿನ ಅವರನ್ನೇ ಹೊಲಕ್ಕೆ ಕರೆದೊಯ್ದೆ. ಗಿಡದ ತುದಿಗಳಲ್ಲಿ ಕಾಯಿಕೊರಕಗಳು ತಲೆಕೆಳಗಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಒಡೆದು ರಸ ಸುರಿಯುತ್ತಿತ್ತು. ಆ ನಂಜು ನನ್ನ ಕೋಣೆಯಲ್ಲೇ ತಯಾರಾದದ್ದು.

ಇದಕ್ಕೆ ಎರಡು ವರ್ಷ ಹಿಡಿಯಿತು. ಈ ನಂಜು ಹುಳುವಿನ ಮೈಯಲ್ಲೇ ಬೆಳೆಯುವುದರಿಂದ ಮೊದಲು ಕಾಯಿಕೊರಕವನ್ನೇ ಸಾಕಬೇಕು. ಒಂದೊಂದು ಮರಿಗೆ ಬಿಡಿ ಬಾಟಲಿ ಕೊಡಲು ಹಣ ಸಾಲದೆ ಮೊದಲ ತಂಡವನ್ನು ಒಂದೇ ತಟ್ಟೆಯಲ್ಲಿ ಬಿಟ್ಟೆ. ಒಂದನ್ನೊಂದು ತಿಂದು ನೂರಕ್ಕೆ ಮೂವತ್ತು ಉಳಿದವು. ಆಮೇಲೆ ಅವಸರಪಟ್ಟು ಮೂರನೆಯ ಹಂತದ ಮರಿಗಳಿಗೇ ನಂಜು ಉಣಿಸಿದೆ. ಬೇಗ ಸತ್ತವು, ಆದರೆ ಅರೆದು ಎಣಿಸಿದಾಗ ಪಾಲಿಹೆಡ್ರಾ (ವೈರಸ್ ಅಡಗಿರುವ ಪ್ರೋಟೀನ್ ಹರಳುಗಳು) ತೀರಾ ಕಡಿಮೆ. ಚೆನ್ನಾಗಿ ಬಲಿತವಕ್ಕೆ ಉಣಿಸಿದರೆ ಅವು ಕೋಶಾವಸ್ಥೆಗೆ ಹೋಗಿಬಿಟ್ಟವು. ಪೊರೆ ಕಳಚಿ ಐದನೆಯ ಹಂತಕ್ಕೆ ಬಂದ ದಿನವೇ ಉಣಿಸಲು ಶುರುಮಾಡಿದ ಮೇಲೆ ಹುಳುವೊಂದಕ್ಕೆ ಸುಮಾರು 200 ಕೋಟಿ ಸಿಕ್ಕವು, ಅಂದರೆ ಮೂರು ಹುಳುವಿಗೆ ಒಂದು ಎಲ್‌ಇ (ನಂಜಿನ ಅಳತೆ, 600 ಕೋಟಿ ಪಾಲಿಹೆಡ್ರಾ). ಒಂದು ಹೆಕ್ಟೇರಿಗೆ ಬೇಕಾದ 250 ಎಲ್‌ಇಗೆ ಏಳೆಂಟುನೂರು ಹುಳು ಸಾಕು.

ಅತಿ ದೊಡ್ಡ ನಷ್ಟವಾದದ್ದು ಮರಿ ಮಾಡಿಸಲು ಇಟ್ಟ ಆರೋಗ್ಯದ ತಾಯಿ ಸಂತತಿಗೆ ನಂಜು ಹೊಕ್ಕಾಗ. ಸತ್ತ ಹುಳು ಆರಿಸಿದ ಚಿಮುಟವನ್ನೇ ಆರೋಗ್ಯದ ಮರಿಗಳಿಗೂ ಬಳಸಿದ್ದೆ. ಹತ್ತು ದಿನದಲ್ಲಿ ಕೋಣೆಯೇ ಖಾಲಿಯಾಯಿತು. ಆರು ತಿಂಗಳ ಆಹಾರದ ಖರ್ಚು ಮುಳುಗಿತು. ಈಗ ಎರಡು ಕೋಣೆ, ಎರಡು ಜೊತೆ ಸಲಕರಣೆ. ಬೆಳಿಗ್ಗೆ ಮರಿಗಳ ಕೆಲಸ ಮುಗಿಸದೆ ನಂಜಿನ ಕೋಣೆಗೆ ಕಾಲಿಡುವುದಿಲ್ಲ. ಮರಿಗಳ ಆಹಾರದಲ್ಲಿ ಜೇಬು ಸುಡುವುದು ಅದನ್ನು ಗಟ್ಟಿಯಾಗಿಸುವ ಅಗರ್. ಅದನ್ನು ಅರ್ಧಕ್ಕೆ ಇಳಿಸಿದ್ದೇನೆ. ಬದಲಿಗೆ ಏನು ಹಾಕುತ್ತೇನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹುಳು ಸತ್ತು ಕೊಳೆಯುವವರೆಗೆ ಕಾದದ್ದೂ ತಪ್ಪೇ. ಬ್ಯಾಕ್ಟೀರಿಯಾ ಹೆಚ್ಚಿ, ಬಾಟಲಿಗಳು ಉಬ್ಬಿ ಮುಚ್ಚಳ ಹಾರಿದವು. ಈಗ ಮೈ ಮೆತ್ತಗಾಗಿ ಅಲುಗಾಟ ನಿಂತೊಡನೆ ಆರಿಸಿ ತಣ್ಣಗಿಡುತ್ತೇನೆ, ಅರೆದು ಎರಡು ಸಲ ಸೋಸಿ, ಜೋರಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಹಾಕುತ್ತೇನೆ.

ನಡುವೆ ಕುತೂಹಲಕ್ಕೆ ಇದೇ ನಂಜನ್ನು ಎಲೆ ತಿನ್ನುವ ಸ್ಪೊಡಾಪ್ಟೆರಾ ಎಂಬ ಬೇರೆ ಹುಳುವಿನ ಮರಿಗಳಿಗೂ ಉಣಿಸಿ ನೋಡಿದೆ. ಒಂದೂ ಸಾಯಲಿಲ್ಲ, ಆ ಹುಳುವಿನ ಎನ್‌ಪಿವಿಯೇ ಬೇರೆ. ಕೀಟಕೋಶಗಳಲ್ಲಿ ಲಸಿಕೆಯ ಪ್ರೋಟೀನ್ ತಯಾರಿಸುವವರು ಬ್ಯಾಕ್ಯುಲೊವೈರಸ್‌ನ (ಎನ್‌ಪಿವಿ ಸೇರಿದ ಬಳಗ) ಪಾಲಿಹೆಡ್ರಿನ್ ಜೀನನ್ನು, ಅಂದರೆ ಹರಳಿನ ಪ್ರೋಟೀನ್ ಮಾಡುವ ಜೀನನ್ನು, ತೆಗೆದು ಆ ಜಾಗದಲ್ಲಿ ತಮಗೆ ಬೇಕಾದ ಜೀನನ್ನು ಕೂರಿಸುತ್ತಾರೆ. ನನಗೋ ಆ ಪಾಲಿಹೆಡ್ರಿನ್ ಕವಚವೇ ಪ್ರಾಣ. ಅದಿಲ್ಲದೆ ವೈರಸ್ ಹೊಲದಲ್ಲಿ ಬಾಳುವುದಿಲ್ಲ.

ಕವಚವಿದ್ದರೂ ಬಿಸಿಲು ಅದರ ಶತ್ರು. ಒಂದು ಪಟ್ಟಿಗೆ ಬೆಳಿಗ್ಗೆ, ಪಕ್ಕದ ಪಟ್ಟಿಗೆ ಸೂರ್ಯ ಇಳಿದ ಮೇಲೆ, ಅದೇ ಬಾಟಲಿಯಿಂದ ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಬೆರೆಸಿ ಸಿಂಪಡಿಸಿದೆ. ಎರಡೂ ಕಡೆ ಹುಳುಗಳು ಎಳೆಯವೇ. ಸಂಜೆಯ ಪಟ್ಟಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಸತ್ತವು, ಬೆಳಗಿನದರಲ್ಲಿ ಅರ್ಧವೂ ಇಲ್ಲ. ‘ಬಿಡಿ’ ಎಂದವರಲ್ಲಿ ಇಬ್ಬರು ಈಗ ಬಾಟಲಿ ಕೇಳಿದ್ದಾರೆ. ಮುಂದಿನ ತಂಡಕ್ಕೆ ಮೊಟ್ಟೆ ಇಡಿಸಿದ್ದೇನೆ.